ಹದಿನೆಂಟು ದಿನಗಳ ವರ್ಷ

ಧನುರ್ಮಾಸದ ಹುಗ್ಗಿಯ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ದೇವರು ನೆನಪಾಗುತ್ತಾನೆ. ನನಗೆ ಅಮೆರಿಕದ ತೆರಿಗೆ ಇಲಾಖೆ ನೆನಪಾಗುತ್ತದೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಅವರು ಆ ವರ್ಷ ನನ್ನ ಜೊತೆ ಇರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅಮೆರಿಕದ ಸನ್ನಿವೇಲ್‌ನ ದೇವಸ್ಥಾನದ ಊಟದ ಹಾಲ್‌ನಲ್ಲಿ ಕೂತಿದ್ದೆ. ಆರೂವರೆ ಗಂಟೆ, ಹೊರಗೆ ಮಂಜು, ಪಾರ್ಕಿಂಗ್‌ನಲ್ಲಿ ಕಾರುಗಳ ಗಾಜಿನ ಮೇಲೆಲ್ಲ ನೀರಿನ ಹನಿ. ಕಾಗದದ ಬಟ್ಟಲಿನಲ್ಲಿ ಹುಗ್ಗಿ, ಮೇಲೆ ತುಪ್ಪ, ಕಾಳುಮೆಣಸು. ಎದುರು ಕೂತ ಹುಡುಗಿ ಹೊಚ್ಚ ಹೊಸ ಜಾಕೆಟ್ ಹಾಕಿದ್ದಳು. ತೋಳಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಅಕ್ಕಾ, ನೀವು ಕನ್ನಡಾನಾ?" ಅಂದಳು.

ಮೈಸೂರು ಅಂದೆ. ಅವಳದ್ದು ಬೆಂಗಳೂರು, ಬಸವನಗುಡಿ. ಬಂದು ಎರಡು ದಿನವಾಯಿತಂತೆ. ಎಂ.ಎಸ್. ಓದಲು ಬಂದವಳು. ತರಗತಿ ಶುರುವಾಗುವುದು ಜನವರಿ ಕೊನೆಗೆ.

"ಮತ್ತೆ ಇಷ್ಟು ಬೇಗ ಯಾಕೆ ಬಂದೆ?"

"ಧನುರ್ಮಾಸ ಶುರುವಾದ್ಮೇಲೆ ಹೊರಡಬಾರ್ದು ಅಂತ ಮನೇಲಿ ಒಂದೇ ಹಠ ಅಕ್ಕಾ. ಟಿಕೆಟ್ ಚೇಂಜ್ ಮಾಡ್ಸಿ ಕಳ್ಸಿಬಿಟ್ರು."

ನನ್ನ ಕೈಯಲ್ಲಿದ್ದ ಚಮಚ ನಿಂತಿತು. "ಬಂದ ತಾರೀಖು ಎಲ್ಲಾದ್ರೂ ಬರೆದಿಟ್ಕೊಂಡಿದ್ದೀಯಾ?" ಎಂದು ಕೇಳಿದೆ. ಅವಳು ಈ ಅಕ್ಕನಿಗೆ ತಲೆ ಸರಿಯಿದೆಯೇ ಎನ್ನುವಂತೆ ನೋಡಿದಳು. ಅವಳಿಗೆ ಉತ್ತರ ಹೇಳುವ ಮೊದಲು ನಾನು ಆ ವರ್ಷಕ್ಕೆ ಹೋಗಿ ಬರಬೇಕಾಯಿತು.

ಅದು ನಾನು ವಿದ್ಯಾರ್ಥಿ ವೀಸಾದಿಂದ ಕೆಲಸದ ವೀಸಾಕ್ಕೆ ಬದಲಾದ ಮಾರನೆಯ ವರ್ಷದ ಮಳೆಗಾಲ. ಇಲ್ಲಿ ಮಳೆಗಾಲವೆಂದರೆ ಚಳಿಗಾಲ; ಈ ಊರು ಅದನ್ನೂ ತಲೆಕೆಳಗು ಮಾಡಿಟ್ಟಿದೆ. ಆ ವರ್ಷ ಜನವರಿಯಿಂದ ಮಾರ್ಚಿನವರೆಗೆ ಸುರಿದದ್ದೇ ಸುರಿದದ್ದು. ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ಬಣ್ಣಕ್ಕಿರುವ ಮಿಲ್ಪಿಟಾಸ್ ಊರಿನ ಹಿಂದಿನ ಗುಡ್ಡಗಳು ಹಸಿರಾಗಿದ್ದವು. ನಮ್ಮ ಕಂಪನಿ ಇದ್ದದ್ದು ಆ ಗುಡ್ಡಗಳ ಕೆಳಗೆ. ಕಂಪ್ಯೂಟರ್ ಚಿಪ್ಪುಗಳನ್ನು ಕುದಿಯುವಷ್ಟು ಬಿಸಿ ಮಾಡಿ, ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ, ಯಾವಾಗ ಕೈಕೊಡುತ್ತವೆ ಎಂದು ನೋಡುವುದು ನನ್ನ ಕೆಲಸ. ಆ ವರ್ಷ ನನ್ನನ್ನೂ ಯಾರೋ ಹಾಗೇ ಪರೀಕ್ಷಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಎಚ್-ಒನ್ ಎಂಬ ಕೆಲಸದ ವೀಸಾ ಸಿಕ್ಕಿದ್ದು ಸರ್ಕಾರ ಚೀಟಿ ಎತ್ತುವ ಲಾಟರಿಯಲ್ಲಿ, ಮೂರನೇ ಸಲಕ್ಕೆ. ಅಲ್ಲಿಯವರೆಗೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುತ್ತಿದ್ದೆ; ಅಕ್ಟೋಬರ್ ಒಂದಕ್ಕೆ ಬದಲಾವಣೆ ಜಾರಿಗೆ ಬಂತು. ನಾನು ಊರು ಬಿಟ್ಟು ಬಂದಮೇಲೆ ಒಮ್ಮೆಯೂ ಮನೆಗೆ ಹೋಗಿರಲಿಲ್ಲ. ಮೊದಲು ಓದು, ಆಮೇಲೆ ಕೆಲಸ ಹುಡುಕಾಟ, ಆಮೇಲೆ ಹೋದರೆ ಮತ್ತೆ ಬಿಡುತ್ತಾರೋ ಇಲ್ಲವೋ ಎಂಬ ಭಯ. ಈಗ ಹೋಗಬಹುದಿತ್ತು, ಒಂದೇ ಷರತ್ತು: ಚೆನ್ನೈಯ ಅಮೆರಿಕನ್ ದೂತಾವಾಸಕ್ಕೆ ಹೋಗಿ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾದ ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿ ತೆರಿಗೆ ಕಾಗದ ಕೇಳುತ್ತಾರೆ, ಒಂದು ಅಂಕಿ ಆಚೀಚೆಯಾದರೂ ತಿಂಗಳುಗಟ್ಟಲೆ ತಡೆಹಿಡಿಯುತ್ತಾರೆ ಎಂದು ಆಫೀಸಿನಲ್ಲಿ ಎಲ್ಲರೂ ಹೆದರಿಸಿದ್ದರು. ಆದರೂ ಮೇ ತಿಂಗಳಿಗೆ ಟಿಕೆಟ್ ಮಾಡಿಸಿದೆ. ಅಮ್ಮನಿಗೆ ಹೇಳಿದೆ. ಅಮ್ಮ "ಹೌದಾ" ಎಂದಳು, ನಾನು "ಹೂಂ" ಎಂದೆ. ನಮ್ಮಿಬ್ಬರ ನಡುವೆ ಆಗ ಮಾತು ಅಷ್ಟೇ ಇತ್ತು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಫೆಬ್ರವರಿಯಲ್ಲಿ ತೆರಿಗೆ ಫಾರಂ ತುಂಬಲು ಕೂತೆ. ಈ ದೇಶದಲ್ಲಿ ತೆರಿಗೆಯ ಮಟ್ಟಿಗೆ ಹೊರಗಿನವರಲ್ಲಿ ಎರಡು ಪಂಗಡ: ನಿವಾಸಿ, ಅನಿವಾಸಿ. ಇಬ್ಬರಿಗೂ ಬೇರೆ ಬೇರೆ ಫಾರಂ. ನೀವು ಯಾವ ಪಂಗಡ ಎಂಬುದನ್ನು ಅವರು ಹೇಳುವುದಿಲ್ಲ. ನೀವೇ ದಿನ ಎಣಿಸಿ ಕಂಡುಕೊಳ್ಳಬೇಕು, ಕಂಡುಕೊಂಡದ್ದು ತಪ್ಪಾದರೆ ತಪ್ಪು ನಿಮ್ಮದು. ವರ್ಷದಲ್ಲಿ ಇಲ್ಲಿ ಕಳೆದ ದಿನ ಎಣಿಸಬೇಕು, ಅದಕ್ಕೆ ಹಿಂದಿನ ಎರಡು ವರ್ಷಗಳ ದಿನಗಳ ಒಂದು ಪಾಲು ಸೇರಿಸಬೇಕು, ಮೊತ್ತ ನೂರ ಎಂಬತ್ತಮೂರು ಮುಟ್ಟಿದರೆ ನಿವಾಸಿ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರ ದಿನಗಳನ್ನು ಮೊದಲ ಐದು ವರ್ಷ ಎಣಿಸುವುದೇ ಇಲ್ಲ. ಇರುವುದು ಇಲ್ಲೇ, ಬಾಡಿಗೆ ಕಟ್ಟುವುದು ಇಲ್ಲೇ, ಮಳೆಯಲ್ಲಿ ನೆನೆಯುವುದು ಇಲ್ಲೇ, ಆದರೆ ದಿನ ಲೆಕ್ಕಕ್ಕಿಲ್ಲ.

ನಾನು ಚಿಕ್ಕವಳಿದ್ದಾಗ ದೊಡ್ಡವರ ಚೌಕಾಬಾರದಲ್ಲಿ ನನಗೂ ಒಂದು ಕಾಯಿ ಕೊಡುತ್ತಿದ್ದರು. ನಾನು ಕವಡೆ ಹಾಕಿ ಕುಣಿಯುತ್ತಿದ್ದೆ. ಯಾರಾದರೂ ಜಗಳಕ್ಕೆ ಬಂದರೆ ಅಜ್ಜಿ, "ಬಿಡ್ರೋ, ಮಗು, ಆಟಕ್ಕುಂಟು ಲೆಕ್ಕಕ್ಕಿಲ್ಲ" ಎನ್ನುತ್ತಿದ್ದಳು. ಇಷ್ಟು ದೊಡ್ಡ ಸರ್ಕಾರ ನಲವತ್ತು ಪುಟ ಬರೆದು ಹೇಳಿದ್ದೂ ಇದನ್ನೇ.

ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಮಂಡ್ಯದ ಶಿಲ್ಪ. ಅವಳೂ ನನ್ನಂತೆ ಎಂಜಿನಿಯರ್, ಅವಳಿಗೂ ಅದೇ ಅಕ್ಟೋಬರ್ ಒಂದಕ್ಕೆ ವೀಸಾ ಬದಲಾಗಿತ್ತು. ಅವಳು ನನ್ನ ಫಾರಂ ಕಡೆ ಒಮ್ಮೆ ಕಣ್ಣು ಹಾಯಿಸಿ, ಪಾತ್ರೆಯಲ್ಲಿ ಮುದ್ದೆ ತಿರುವುತ್ತಲೇ ತೀರ್ಪು ಕೊಟ್ಟಳು.

"ಏನಮ್ಮಿ, ಇಷ್ಟಕ್ಕೆ ಯಾಕ್ ಇಂಗ್ ತಲೆ ಕೆಡಿಸ್ಕತೀಯೆ? ಅಕ್ಟೋಬರ್ ಒಂದರಿಂದ ಎಣ್ಸು. ತೊಂಬತ್ತೆರಡು ದಿನ. ನೂರೆಂಬತ್ಮೂರು ಎಲ್ಲಿ, ತೊಂಬತ್ತೆರಡು ಎಲ್ಲಿ! ನಾನ್-ರೆಸಿಡೆಂಟು, ಮುಗೀತು ಕಣಮ್ಮಿ. ನಾನು ಆಗ್ಲೇ ಕಳಿಸ್ಬುಟ್ಟೆ."

ಸರಿ ಎನ್ನಿಸಿತು. ಓದು ಶುರುವಾದ ವರ್ಷದಿಂದ ಎಣಿಸಿದರೆ ವೀಸಾ ಬದಲಾದ ವರ್ಷ ಐದನೆಯದು. ಐದು ವರ್ಷ ವಿನಾಯಿತಿ, ಉಳಿದದ್ದು ತೊಂಬತ್ತೆರಡು ದಿನ. ಅನಿವಾಸಿಯ ಫಾರಂ ತುಂಬಿದೆ. ವಿದ್ಯಾರ್ಥಿಗಳ ಇನ್ನೊಂದು ಪುಟ ಇತ್ತು. ಅದರಲ್ಲಿ, ಐದಕ್ಕಿಂತ ಹೆಚ್ಚು ಕ್ಯಾಲೆಂಡರ್ ವರ್ಷಗಳ ಯಾವುದಾದರೂ ಭಾಗದಲ್ಲಿ ವಿದ್ಯಾರ್ಥಿಯಾಗಿ ಇಲ್ಲಿ ಇದ್ದಿರಾ ಎಂಬ ಪ್ರಶ್ನೆ. ಇಲ್ಲ ಎಂದು ಗುರುತು ಹಾಕಿದೆ. ಬರೆದದ್ದೆಲ್ಲ ಸತ್ಯ, ಸುಳ್ಳಾದರೆ ಶಿಕ್ಷೆಗೆ ಒಪ್ಪಿದ್ದೇನೆ ಎಂಬ ಸಾಲಿನ ಕೆಳಗೆ ಸಹಿ ಮಾಡಿ ಅಂಚೆಗೆ ಹಾಕಿ ಬಂದೆ.

ಹತ್ತು ದಿನ ನೆಮ್ಮದಿ. ಆಮೇಲೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಬ್ಬ ಸಹೋದ್ಯೋಗಿ, "ಎಚ್-ಒನ್ ಆದ ವರ್ಷ ಎಲ್ಲರೂ ರೆಸಿಡೆಂಟೇ ಅಲ್ವಾ?" ಎಂದು ಹೇಳಿ ತನ್ನ ಸ್ಯಾಂಡ್‌ವಿಚ್ಚಿಗೆ ಮರಳಿದ. ಅವನಿಗೆ ಅದು ಹೊತ್ತು ಕಳೆಯುವ ಮಾತು. ನಾನು ಊಟದ ಡಬ್ಬಿ ಮುಚ್ಚಿದೆ. ಸುಳ್ಳು ಕಾಗದಕ್ಕೆ ಸಹಿ ಹಾಕಿಬಿಟ್ಟೆನೇ? ಅದೇ ಕಾಗದ ಹಿಡಿದು ಚೆನ್ನೈಯಲ್ಲಿ ನಿಲ್ಲಬೇಕೇ? ಊರಿಗೆ ಹೋಗಿ ವಾಪಸು ಬರಲಾಗದಿದ್ದರೆ? ಕೆಲಸ ಹೋದರೆ ವೀಸಾವೂ ಹೋಯಿತು.

ಅಲ್ಲಿಂದ ಶುರುವಾಯಿತು ನನ್ನ ಪ್ರದಕ್ಷಿಣೆ. ಸಂಬಳದ ವಿಭಾಗಕ್ಕೆ ಬರೆದೆ. ನಾವು ತೆರಿಗೆಯ ಸಲಹೆ ಕೊಡುವುದಿಲ್ಲ, ದಯವಿಟ್ಟು ತಜ್ಞರನ್ನು ಸಂಪರ್ಕಿಸಿ ಎಂದು ಉತ್ತರ ಬಂತು. ಕೊನೆಯಲ್ಲಿ ನಗುವ ಮುಖದ ಚಿತ್ರ. ಓದಿದ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಫೋನ್ ಮಾಡಿದೆ. ನೀವು ಈಗ ವಿದ್ಯಾರ್ಥಿಯಲ್ಲವಲ್ಲ ಎಂದರು. ವೀಸಾ ಮಾಡಿಸಿಕೊಟ್ಟ ವಕೀಲರ ಕಚೇರಿಯಲ್ಲಿ ಕೇಳಿದರೆ, ಇದು ವೀಸಾ ಪ್ರಶ್ನೆಯಲ್ಲ, ತೆರಿಗೆ ಪ್ರಶ್ನೆ ಎಂದರು. ಇಲಾಖೆಯ ಸಹಾಯವಾಣಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ಪಿಟೀಲು ಕೇಳಿದೆ. ಕೊನೆಗೆ ಒಬ್ಬಾಕೆ ಬಂದು, ನೀವು ನಿವಾಸಿಯಾಗಿದ್ದರೆ ನಿವಾಸಿಯ ಫಾರಂ, ಅಲ್ಲದಿದ್ದರೆ ಅನಿವಾಸಿಯ ಫಾರಂ ತುಂಬಬೇಕು ಎಂದು ಬಹಳ ಸೌಜನ್ಯದಿಂದ ತಿಳಿಸಿದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಮ್ಮವರೇ ಕಂಡುಹಿಡಿದದ್ದು ಎಂದುಕೊಂಡಿದ್ದೆ. ತಪ್ಪು.

ಫಾರಂಗಳ ಭಾಷೆಯಂತೂ ಇನ್ನೂ ರಗಳೆ. ವೀಸಾದವರ ಪ್ರಕಾರ ನಾನು ವಲಸೆ ಬಂದವಳೇ ಅಲ್ಲ, ಇಂದೋ ನಾಳೆಯೋ ಹೊರಡುವವಳು. ತೆರಿಗೆಯವರ ಪ್ರಕಾರ ಬಹುಶಃ ಇಲ್ಲಿಯ ನಿವಾಸಿ. ಒಂದೇ ಸರ್ಕಾರದ ಎರಡು ಕಿಟಕಿಗಳು, ಒಂದರಲ್ಲಿ ಹೋಗು, ಇನ್ನೊಂದರಲ್ಲಿ ಬಾ. ಶಿಲ್ಪ ಮಾತ್ರ ನೆಮ್ಮದಿಯಾಗಿದ್ದಳು. "ಎಲ್ರೂ ಅಂಗೇ ಮಾಡೋದು ಕಣಮ್ಮಿ, ಅವರೇನು ನಿನ್ನೊಬ್ಬಳ ಫಾರಂ ಹಿಡ್ಕಂಡು ಕೂತಿರ್ತಾರಾ?" ಎನ್ನುತ್ತಿದ್ದಳು. ಅವಳ ನೆಮ್ಮದಿ ನೋಡಿದರೇ ನನಗೆ ಮೈ ಉರಿಯುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಒಂದು ಶನಿವಾರ ದೇವಸ್ಥಾನದ ನೋಟಿಸ್ ಬೋರ್ಡಿನಲ್ಲಿ ಚೀಟಿ ನೋಡಿದೆ: ಊಟದ ಹಾಲ್‌ನಲ್ಲಿ ತೆರಿಗೆ ಸಹಾಯ, ಉಚಿತ. ಈಗ ಹುಗ್ಗಿ ತಿನ್ನುತ್ತಿದ್ದ ಇದೇ ಹಾಲ್. ಅಂದು ಪುಳಿಯೋಗರೆಯ ಪಾತ್ರೆಗಳ ಪಕ್ಕದ ಮೇಜಿನ ಹಿಂದೆ ರಂಗನಾಥ್ ಅಂಕಲ್ ಕೂತಿದ್ದರು. ಹಾಸನದಲ್ಲಿ ಮೂವತ್ತು ವರ್ಷ ಆಡಿಟರ್ ಆಗಿದ್ದವರು. ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಸುಮ್ಮನೆ ಕೂರಲಾಗದೆ ಇಲ್ಲಿನ ತೆರಿಗೆ ಕಲಿತು, ಪರೀಕ್ಷೆ ಬರೆದು, ವಾರಕ್ಕೊಮ್ಮೆ ಜನರಿಗೆ ಸಹಾಯ ಮಾಡುತ್ತಿದ್ದರು. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಮೊಂಡು ಪೆನ್ಸಿಲ್.

ನಾನು ಶುರುಮಾಡಿದೆ. ಕ್ಯಾಂಟೀನಿನ ಸ್ಯಾಂಡ್‌ವಿಚ್, ಸಂಬಳದ ವಿಭಾಗದ ನಗುಮುಖ, ಪಿಟೀಲು, ಎಲ್ಲ. ಅವರು ಕೈ ಎತ್ತಿದರು.

"ಕಥೆ ಬೇಡಮ್ಮ, ತಾರೀಖು ಹೇಳು."

"ಅಕ್ಟೋಬರ್ ಒಂದಕ್ಕೆ..."

"ಅದಲ್ಲ. ಈ ದೇಶದಲ್ಲಿ ಮೊಟ್ಟಮೊದಲು ಕಾಲಿಟ್ಟ ತಾರೀಖು."

"ಜನವರಿಯಲ್ಲಿ ಕ್ಲಾಸು ಶುರುವಾಯ್ತು ಅಂಕಲ್."

"ಕ್ಲಾಸು ಕೇಳ್ಲಿಲ್ಲ ಕಣಮ್ಮ. ಕಾಲು."

ಆ ತಾರೀಖನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ, ನನಗೆ ನಾನೇ ಕೂಡ. ಡಿಸೆಂಬರ್ ಹದಿನಾಲ್ಕು ಎಂದೆ. ಅವರು ಕಾಗದದ ಮೇಲೆ ವರ್ಷಗಳನ್ನು ಒಂದರ ಕೆಳಗೊಂದು ಬರೆದು, ಪೆನ್ಸಿಲಿನ ತುದಿಯನ್ನು ಎಲ್ಲಕ್ಕಿಂತ ಮೇಲಿನದರ ಮೇಲೆ ಊರಿದರು.

"ಇಲ್ಲಿ ನೋಡು. ಹದಿನಾಲ್ಕರಿಂದ ಮೂವತ್ತೊಂದು. ಹದಿನೆಂಟು ದಿನ. ಇವರಿಗೆ ಒಂದು ದಿನ ಇದ್ರೂ ಒಂದು ವರ್ಷವೇ. ನಿನ್ನ ಐದು ವರ್ಷದಲ್ಲಿ ಮೊದಲನೇದು ಈ ಹದಿನೆಂಟು ದಿನಕ್ಕೇ ಖರ್ಚಾಯ್ತು. ವೀಸಾ ಬದಲಾದ ವರ್ಷ ನಿಂಗೆ ಐದನೇದಲ್ಲ, ಆರನೇದು. ಜನವರಿ ಒಂದರಿಂದಲೇ ಎಣಿಕೆ. ನೀನು ರೆಸಿಡೆಂಟು."

"ನನ್ನ ರೂಮ್‌ಮೇಟು?"

"ಅವಳು ಯಾವಾಗ ಬಂದ್ಲು?"

"ಮುಂದಿನ ಆಗಸ್ಟು."

"ಹಂಗಾದ್ರೆ ಅವಳು ಕಳಿಸಿದ್ದು ಸರಿ."

ಒಂದೇ ಮನೆ, ಒಂದೇ ಫ್ರಿಜ್ಜು, ಒಂದೇ ದಿನ ಬದಲಾದ ವೀಸಾ. ಅವಳು ಅನಿವಾಸಿ, ನಾನು ನಿವಾಸಿ. ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ಬಂದದ್ದು ನೆನಪಿಲ್ಲ. ಕಳಿಸಿದ್ದು ತಪ್ಪು, ಸಹಿ ಹಾಕಿದ್ದು ತಪ್ಪು, ವೀಸಾ ಬದಲಾಗುವ ಮೊದಲಿನ ಒಂಬತ್ತು ತಿಂಗಳು ನಿವಾಸಿಯ ಸಂಬಳದಲ್ಲಿ ಹಿಡಿಯಬೇಕಾದ ಒಂದು ತೆರಿಗೆ ಹಿಡಿದೇ ಇಲ್ಲ, ಅದನ್ನು ಮತ್ತೆ ಆ ನಗುಮುಖದವರಿಗೇ ಹೇಳಬೇಕು.

ಅಂಕಲ್ ಶಾಂತವಾಗಿ ಕೇಳಿದರು: "ಜನವರಿ ಕ್ಲಾಸಿಗೆ ಡಿಸೆಂಬರ್ ಹದಿನಾಲ್ಕಕ್ಕೆ ಯಾಕೆ ಬಂದೆ ತಾಯಿ?"

"ಧನುರ್ಮಾಸ ಅಂಕಲ್," ಎಂದೆ. "ನಮ್ಮಮ್ಮ."

ಅವರು ಟೋಪಿ ಸರಿಮಾಡಿಕೊಂಡರು.

ಇನ್ನು ಆ ಹದಿನೆಂಟು ದಿನಗಳ ವಿಷಯ ಹೇಳಲೇಬೇಕು. ನನಗೆ ಮೊದಲು ಟಿಕೆಟ್ ಆಗಿದ್ದದ್ದು ಜನವರಿ ಐದಕ್ಕೆ. ನಮ್ಮ ತಂದೆಯ ತಾಯಿ, ನನ್ನ ಅಜ್ಜಿ, ಆಗ ಹಾಸಿಗೆ ಹಿಡಿದಿದ್ದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅಮ್ಮ ಶಾಲೆಯಲ್ಲಿ ಟೀಚರು, ಸಂಜೆ ಐದಕ್ಕೆ ಬರುತ್ತಿದ್ದಳು. ಆ ಡಿಸೆಂಬರ್ ಪೂರ್ತಿ ಅಜ್ಜಿಯ ಮಂಚದ ಪಕ್ಕ ಕೂತಿರಬೇಕೆಂದು ನಾನು ಲೆಕ್ಕ ಹಾಕಿದ್ದೆ. ಆದರೆ ತಿಂಗಳ ಮೊದಲ ವಾರ ಇದ್ದಕ್ಕಿದ್ದಂತೆ ಅಮ್ಮ, ಹದಿನಾರಕ್ಕೆ ಧನುರ್ಮಾಸ ಶುರು, ಶುಭಕಾರ್ಯಕ್ಕೆ ಹೊರಡುವವಳು ಅದರೊಳಗೆ ಹೊರಡಬಾರದು, ಹದಿಮೂರರ ರಾತ್ರಿಗೇ ಟಿಕೆಟ್ ಬದಲಾಯಿಸುತ್ತೇನೆ ಎಂದಳು. ನಾನು ಕೂಗಾಡಿದೆ. ಬಿ.ಎಸ್ಸಿ. ಓದಿದವಳು ನೀನು ಎಂದೆ. ಅಪ್ಪ ಪೇಪರಿನ ಹಿಂದೆ ಅಡಗಿದರು. ಅಜ್ಜಿಯ ಹತ್ತಿರ ದೂರು ಕೊಂಡೊಯ್ದರೆ, ಅವಳು ನಗುತ್ತ, "ಹೋಗು ಹೋಗು, ನನ್ನ ಮುಖ ನೋಡ್ತಾ ಕೂತ್ರೆ ಓದು ಬರುತ್ತಾ?" ಎಂದಳು. ಹೊರಡುವ ದಿನ ಎದ್ದು ಕೂತು ತಾನೇ ಮೊಸರು ಸಕ್ಕರೆ ಬಾಯಿಗೆ ಹಾಕಿದಳು. ನಾನು ಕಾಲು ಹಿಡಿದು ಏಳದಿದ್ದಾಗ, "ಸಾಕು, ಗಾಡಿ ಕಾಯ್ತಿದೆ" ಎಂದು ಗದರಿದಳು.

ಇಲ್ಲಿ ಬಂದರೆ ವಿಶ್ವವಿದ್ಯಾಲಯಕ್ಕೆ ರಜೆ, ಹಾಸ್ಟೆಲಿಗೆ ಬೀಗ. ಅಪ್ಪನ ಸ್ನೇಹಿತರೊಬ್ಬರ ಮಿಲ್ಪಿಟಾಸ್ ಮನೆಯ ಸೋಫಾದ ಮೇಲೆ ಮಲಗಿದೆ. ಅವರೆಲ್ಲ ಕೆಲಸಕ್ಕೆ ಹೋದಮೇಲೆ ನಾನೊಬ್ಬಳೇ. ಮಳೆ. ಪಾತ್ರೆ ತೊಳೆದೆ, ಬಟ್ಟೆ ಮಡಿಚಿದೆ, ಅವರ ಮಗುವಿಗೆ ಅ ಆ ಇ ಈ ಹೇಳಿಕೊಟ್ಟೆ, ಅದು ಇಂಗ್ಲಿಷಿನಲ್ಲಿ ಸಾಕು ಎಂದಿತು. ಏನೂ ಮಾಡಲು ಇಲ್ಲದ ದಿನಗಳು ಅವು. ಜನವರಿ ಮೂರರಂದು ಅಪ್ಪ ಫೋನ್ ಮಾಡಿ ಅಜ್ಜಿ ಹೋದಳು ಎಂದರು.

ಎರಡು ದಿನ ಮೊದಲು. ಹಳೆಯ ಟಿಕೆಟೇ ಇದ್ದಿದ್ದರೆ ನಾನು ಅವಳ ಪಕ್ಕದಲ್ಲಿರುತ್ತಿದ್ದೆ. ಒಂದು ಪಂಚಾಂಗದ ಹಾಳೆಗಾಗಿ ಅಮ್ಮ ನನ್ನಿಂದ ಅಜ್ಜಿಯನ್ನು ಕಿತ್ತುಕೊಂಡಳು. ಇದನ್ನು ನಾನು ಕ್ಷಮಿಸಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ. ವಾರಕ್ಕೊಮ್ಮೆ ಐದು ನಿಮಿಷ ಫೋನ್, ಊಟ ಆಯಿತಾ, ಆಯಿತು, ಮಳೆಯಾ, ಮಳೆ. ಆ ಹದಿನೆಂಟು ದಿನಗಳನ್ನು ನಾನು ನನ್ನ ಲೆಕ್ಕದಿಂದಲೇ ತೆಗೆದುಹಾಕಿದ್ದೆ. ಯಾರಾದರೂ ಯಾವಾಗ ಬಂದೆ ಎಂದರೆ ಜನವರಿ ಎನ್ನುತ್ತಿದ್ದೆ. ಹೇಳಿ ಹೇಳಿ ಅದೇ ನಿಜವಾಗಿತ್ತು, ಅದನ್ನೇ ಫಾರಮ್ಮಿನಲ್ಲೂ ಬರೆದಿದ್ದೆ.

ರಂಗನಾಥ್ ಅಂಕಲ್ ಆ ಶನಿವಾರ ಒಂದು ಪಟ್ಟಿ ಬರೆದುಕೊಟ್ಟರು: ತಿದ್ದುಪಡಿಯ ಫಾರಂ, ನಿವಾಸಿಯ ಫಾರಂ, ಕೊನೆಗೆ ಒಂದು ಹಳೆಯದು. "ಆ ಹದಿನೆಂಟು ದಿನದ ವರ್ಷಕ್ಕೆ ವಿದ್ಯಾರ್ಥಿಯ ಪುಟ ನೀನು ಹಾಕೇ ಇಲ್ಲ. ಅದನ್ನೂ ಹಾಕು. ತಡವಾದ್ರೂ ಪರವಾಗಿಲ್ಲ, ಇದ್ದದ್ದು ಇತ್ತು ಅಂತ ಬರೀಬೇಕು." ಪ್ರಿಂಟರ್ ಇಲ್ಲದ ಕಾರಣ ಲೈಬ್ರರಿಗೆ ಹೋಗಿ ಎಲ್ಲ ಮುದ್ರಿಸಿಕೊಂಡು ಬಂದು ಮೇಜಿನ ಮೇಲೆ ಹಾಕಿದೆ. ಆ ರಾಶಿ ನೋಡಿ ನೋಡಿ ಸಿಟ್ಟು ಏರಿತು.

ಮಾರನೆಯ ಬೆಳಿಗ್ಗೆ ಏಳಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಸಂಜೆ ಏಳೂವರೆ. ಹಿಂದೆ ಟಿವಿ ಧಾರಾವಾಹಿಯ ಅಳು ಕೇಳುತ್ತಿತ್ತು. ಊಟ ಆಯಿತಾ ಎಂದು ಅವಳು ಕೇಳುವ ಮೊದಲೇ ನಾನು ಐದು ವರ್ಷದ್ದನ್ನು ಒಟ್ಟಿಗೆ ಸುರಿದೆ.

"ನಿನ್ನ ಧನುರ್ಮಾಸದ ಹಠಕ್ಕೆ ನನಗೆ ಒಂದು ವರ್ಷ ಹೋಯ್ತಮ್ಮ. ಹದಿನೆಂಟು ದಿನಕ್ಕೆ ಒಂದು ವರ್ಷ! ಸುಳ್ಳು ಕಾಗದಕ್ಕೆ ಸಹಿ ಹಾಕಿ ಕೂತಿದೀನಿ. ಮೇನಲ್ಲಿ ಬರ್ತೀನೋ ಇಲ್ವೋ ಗೊತ್ತಿಲ್ಲ. ಅಜ್ಜಿನೂ ಸಿಗಲಿಲ್ಲ, ಇದೂ ಹಾಳಾಯ್ತು. ನಿನ್ನ ಪಂಚಾಂಗ ನೀನೇ ಇಟ್ಕೋ."

ಧಾರಾವಾಹಿಯ ಅಳು ನಿಂತಿತು. ಅಮ್ಮ ಟಿವಿ ಆರಿಸಿದ್ದಳು.

"ಅದು ನನ್ನ ಹಠ ಅಲ್ಲ ಕಣೆ," ಎಂದಳು.

"ಮತ್ತೆ ಯಾರದ್ದು?"

"ನಿಮ್ಮಜ್ಜಿದು."

ಅಮ್ಮ ನಿಧಾನವಾಗಿ ಹೇಳಿದಳು.

"ಡಾಕ್ಟ್ರು ನನಗೂ ನಿಮ್ಮಪ್ಪಂಗೂ ಹೇಳಿದ್ರು, ಸಂಕ್ರಾಂತಿ ನೋಡೋದು ಕಷ್ಟ ಅಂತ. ಬಾಗಿಲು ತೆಗೆದಿತ್ತು, ನಿಮ್ಮಜ್ಜಿ ಕೇಳಿಸ್ಕೊಂಡುಬಿಟ್ರು. ಅವತ್ತು ಸಂಜೆ ನನ್ನನ್ನ ಹತ್ರ ಕೂರಿಸ್ಕೊಂಡು, ಹುಡುಗಿ ಇಲ್ಲಿರೋವಾಗ ನಾನು ಹೋದ್ರೆ ಸೂತಕ ಹಿಡಿಯುತ್ತೆ, ಹದಿಮೂರು ದಿನ ಮುಗಿಯೋವರೆಗೂ ನಿನ್ನ ಗಂಡ ಅವಳನ್ನ ಹೊಸಿಲು ದಾಟಿಸಲ್ಲ, ಆಮೇಲೆ ಅವಳೇ ಹೋಗಲ್ಲ ಅಂತಾಳೆ, ಕಾಲೇಜೇನು ಕಾಯುತ್ತಾ, ಮೊದಲು ಕಳಿಸಿಬಿಡು ಅಂದ್ರು. ನಾನು ಏನಂತ ಹೇಳಿ ಕಳಿಸಲಿ ಅಂದೆ. ಕನ್ನಡಕ ಹಾಕ್ಕೊಂಡು ಪಂಚಾಂಗ ಅವರೇ ತಿರುವಿ ಹಾಕಿ, ಇಲ್ಲಿದೆ ನೋಡು ಧನುರ್ಮಾಸ, ಇದನ್ನ ಹೇಳು ಅಂತ ತೋರಿಸಿದ್ರು."

"ಐದು ವರ್ಷ ಯಾಕೆ ಹೇಳಲಿಲ್ಲ ನೀನು?"

"ಹೇಳಬೇಡ ಅಂದಿದ್ರು. ನನ್ನ ನೆನೆಸ್ಕೊಂಡು ಅತ್ರೆ ಓಡಿ ಬಂದುಬಿಡ್ತಾಳೆ, ನಿನ್ನ ಮೇಲೆ ಸಿಟ್ಟಿದ್ರೆ ಅಲ್ಲೇ ಕೂತು ಓದ್ತಾಳೆ, ಸ್ವಲ್ಪ ದಿನ ನೀನು ಕೆಟ್ಟವಳಾಗು ಅಂದ್ರು. ಸ್ವಲ್ಪ ದಿನ ಅಂತ ಒಪ್ಕೊಂಡೆ. ನೀನು ಬರೀ ಮಳೆ ವಿಷಯ ಮಾತಾಡ್ತಿದ್ದೆ. ನಾನು ಯಾವಾಗ ಹೇಳ್ಲಿ?"

ನಾನು ಅತ್ತೆ. ಅಡುಗೆಮನೆಯಲ್ಲಿ ಕಾಫಿ ಕಾಸುತ್ತಿದ್ದ ಶಿಲ್ಪ ಗಾಬರಿಯಾಗಿ ಬಂದು, "ಏನಾಯ್ತಮ್ಮಿ, ತುಂಬಾ ಪೆನಾಲ್ಟಿನಾ?" ಎಂದಳು. ಅಳುವಿನ ನಡುವೆಯೇ ಅವಳ ಮೇಲೆ ರೇಗಿದೆ. ಅವಳು ಒಂದು ಲೋಟ ಕಾಫಿ ಮುಂದಿಟ್ಟು ಹೋದಳು.

ಆ ಮಧ್ಯಾಹ್ನ ಕೂತು ಎಲ್ಲ ಫಾರಂ ತುಂಬಿದೆ. ಹೊಸದೆಲ್ಲ ಮುಗಿದ ಮೇಲೆ ಕೊನೆಗೆ ಆ ಹಳೆಯ ವರ್ಷದ ಪುಟ ತೆಗೆದೆ. ಆ ವರ್ಷ ಈ ದೇಶದಲ್ಲಿ ಎಷ್ಟು ದಿನ ಇದ್ದಿರಿ ಎಂಬ ಪ್ರಶ್ನೆಯ ಮುಂದೆ ಒಂದು ಸಣ್ಣ ಗೆರೆ. ಐದು ವರ್ಷ ಸುಳ್ಳು ಹೇಳಿ ಅಳಿಸಿಟ್ಟಿದ್ದ ದಿನಗಳು. ಅಲ್ಲಿ ಅಜ್ಜಿ ಒಬ್ಬಳೇ ತನ್ನ ಸಾವಿನ ದಿನ ಎಣಿಸಿ, ಇಲ್ಲಿ ನನ್ನನ್ನು ಸೋಫಾದ ಮೇಲೆ ಸುರಕ್ಷಿತವಾಗಿ ಕೂರಿಸಿದ್ದ ದಿನಗಳು. ಹದಿನೆಂಟು ಎಂದು ಬರೆದೆ. ಕೆಳಗೆ ಅದೇ ಸಾಲು, ಬರೆದದ್ದೆಲ್ಲ ಸತ್ಯ ಎಂಬುದು. ಈ ಸಲ ಓದಿ ಸಹಿ ಮಾಡಿದೆ.

ಮರುದಿನ ಅಂಚೆ ಕಚೇರಿಯಲ್ಲಿ ಸಾಲು ಉದ್ದವಿತ್ತು, ಮತ್ತೆ ಮಳೆ. ಸಂಬಳದ ವಿಭಾಗದವರೊಂದಿಗೆ ಇನ್ನೂ ಆರು ಪತ್ರಗಳಾದವು, ಆರಕ್ಕೂ ನಗುಮುಖ. ಉತ್ತರಕ್ಕಾಗಿ ಕಾಯಬೇಡ, ಕಳಿಸಿದ ರಸೀದಿ ಜೋಪಾನ ಎಂದು ಅಂಕಲ್ ಹೇಳಿದ್ದರು. ಮೇ ತಿಂಗಳಲ್ಲಿ ನಿವಾಸಿ ಫಾರಂ, ಅನಿವಾಸಿ ಫಾರಂ, ತಿದ್ದುಪಡಿ, ರಸೀದಿ ಎಲ್ಲ ಸೇರಿ ದಪ್ಪನೆಯ ಕಡತ ಹಿಡಿದು ಚೆನ್ನೈಯ ಕಿಟಕಿಯ ಮುಂದೆ ನಿಂತೆ. ಅಧಿಕಾರಿ ಏನು ಕೆಲಸ ಎಂದು ಕೇಳಿದ. ಚಿಪ್ಪು ಬಿಸಿ ಮಾಡುತ್ತೇನೆ ಎಂದೆ. ನಕ್ಕು, ಪಾಸ್‌ಪೋರ್ಟ್ ಇಟ್ಟುಕೊಂಡು, ಮುಂದಿನವರನ್ನು ಕರೆದ. ಎರಡು ನಿಮಿಷ. ಒಂದೇ ಒಂದು ತೆರಿಗೆ ಕಾಗದ ಕೇಳಲಿಲ್ಲ! ಇಡೀ ಮಳೆಗಾಲ ನಿದ್ದೆಗೆಡಿಸಿದ ಆ ಕಡತ ನೋಡಬೇಕೇ ಎಂದು ನಾನೇ ಕೇಳಿಬಿಡುತ್ತಿದ್ದೆ, ಹಿಂದಿನವನು ತಳ್ಳಿದ.

ಮೈಸೂರಿನ ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತೆಳ್ಳಗಾಗಿದ್ದಳು. ಅವಳನ್ನು ತಬ್ಬಿಕೊಂಡು, ಇನ್ನು ನೀನು ಕೆಟ್ಟವಳಾಗಿರಬೇಕಾಗಿಲ್ಲ ಎಂದೆ. "ಅಭ್ಯಾಸ ಆಗಿಬಿಟ್ಟಿದೆ, ಒಳಗೆ ಬಾ," ಎಂದಳು.

ಇದೆಲ್ಲ ಎದುರಿಗಿದ್ದ ಹುಡುಗಿಗೆ ಹೇಳಲಿಲ್ಲ. ಹುಗ್ಗಿ ಆರುತ್ತಿತ್ತು. ಈ ಡಿಸೆಂಬರಿನ ಹದಿನೇಳು ದಿನಕ್ಕೇ ಅವಳ ಒಂದು ವರ್ಷ ಹೋಯಿತು, ಮುಂದೆ ಎಣಿಸುವಾಗ ಇದನ್ನು ಬಿಡಬಾರದು ಎಂದು ವಿವರಿಸಿದೆ. ಅವಳು ಫೋನಿನಲ್ಲಿ ತಾರೀಖು ಬರೆದುಕೊಂಡು, "ಎಲ್ಲಾ ಅಮ್ಮನಿಂದ ಅಕ್ಕಾ. ಆರಾಮಾಗಿ ಇನ್ನೊಂದು ತಿಂಗಳು ಇರಬಹುದಿತ್ತು. ಬಂದಾಗಿಂದ ಸರಿಯಾಗಿ ಮಾತೇ ಆಡಿಲ್ಲ ನಾನು," ಎಂದಳು.

"ಅಲ್ಲಿ ಈಗ ಸಂಜೆ ಎಂಟು ಗಂಟೆ," ಎಂದೆ. "ಹೊರಗೆ ಹೋಗಿ ಅಮ್ಮನಿಗೆ ಫೋನ್ ಮಾಡು."

"ಏನಂತ ಮಾತಾಡ್ಲಿ?"

"ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳು. ಎಲ್ಲರೂ ಅನ್ನಬೇಡ. ಒಬ್ಬೊಬ್ಬರ ಹೆಸರು ಹಿಡಿದು ಕೇಳು."